‘ಫೈಲ್ ತೆಗಿ’ ಅಂದರೆ ತೆರೆಯೋದಾ, ಅಳಿಸೋದಾ? ಕಮಾಂಡ್‌ಗಳಿಗೆ ಹೆಸರಿಡುವ ಮುಂಚೆ ಮಾಡಬೇಕಾದ ಕೆಲಸ

ನನ್ನ ಸ್ನೇಹಿತನೊಬ್ಬ ತನ್ನ ಬಡಾವಣೆಯ ಪುಟ್ಟ ಗ್ರಂಥಾಲಯಕ್ಕೆ ಒಂದು ಮೆಸೇಜ್ ಬಾಟ್, ಅಂದರೆ ಮೆಸೇಜಿಗೆ ತಾನೇ ಉತ್ತರ ಕೊಡುವ ಪ್ರೋಗ್ರಾಂ, ಮಾಡಿದ. ಓದುಗರು ಫೋನಿನಿಂದ ಒಂದು ಪದ ಕಳಿಸಿದರೆ ಸಾಕು, ಪುಸ್ತಕ ವಾಪಸ್ ಕೊಡುವ ದಿನ ಮುಂದಕ್ಕೆ ಹೋಗುತ್ತದೆ. ಆ ಪದ ಯಾವುದಿರಬೇಕು ಅಂತ ನಾವಿಬ್ಬರೂ ಒಂದು ಸಂಜೆ ಪೂರ್ತಿ ಜಗಳ ಆಡಿದೆವು. ಅವನು ‘ನವೀಕರಿಸು’ ಅಂದ. ನಾನು ‘ಮುಂದುವರಿಸು’ ಅಂದೆ. ಕೊನೆಗೆ ಅವನ ಪದವೇ ಗೆದ್ದಿತು, ಬಾಟ್ ಅವನದಲ್ವಾ.

ಮೊದಲ ದಿನ ಬಂದ ಮೆಸೇಜ್ ಹೀಗಿತ್ತು: ‘ಬುಕ್ಕು ಇನ್ನೊಂದ್ ವಾರ ಇಟ್ಕೋತೀನಿ’. ಬಾಟ್ ‘ಅರ್ಥವಾಗಲಿಲ್ಲ’ ಅಂದಿತು. ಆ ಓದುಗರು ಅದನ್ನೇ ಮೂರು ಸಲ ಕಳಿಸಿದರು. ನಾಲ್ಕನೇ ಸಲ ಬೇಸತ್ತು ಫೋನ್ ಮಾಡಿದರು.

ನಾವು ಆಡಿದ ಜಗಳ ತುಂಬ ಹಳೆಯದು ಅಂತ ಆಮೇಲೆ ಓದಿದಾಗ ತಿಳಿಯಿತು. 1980ರ ಆಸುಪಾಸಿನಲ್ಲಿ ಹೆಚ್ಚಿನವರು ಕಂಪ್ಯೂಟರ್ ಬಳಸುತ್ತಿದ್ದದ್ದೇ ಕಮಾಂಡ್, ಅಂದರೆ ಮಾಡಬೇಕಾದ ಕೆಲಸ ಹೇಳುವ ಪದ, ಟೈಪ್ ಮಾಡಿ. ಅಲ್ಲಿಯವರೆಗೆ ಹೆಸರಿಡುತ್ತಿದ್ದವರು ಪ್ರೋಗ್ರಾಮರ್‌ಗಳು, ಬಳಸುತ್ತಿದ್ದವರೂ ಅವರೇ. ಕಚೇರಿಯ ಟೈಪಿಸ್ಟ್‌ಗಳು, ಗುಮಾಸ್ತರು ಅದೇ ಯಂತ್ರದ ಮುಂದೆ ಬಂದು ಕೂತಾಗ ತೊಂದರೆ ಶುರುವಾಯಿತು. ಅಮೆರಿಕದ ಬೆಲ್, ಜೆರಾಕ್ಸ್, ಐಬಿಎಂ, ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಗಳ ಮನಶ್ಶಾಸ್ತ್ರಜ್ಞರು ಜನರನ್ನು ಕೂರಿಸಿಕೊಂಡು, ಯಾವ ಹೆಸರು ನೆನಪಿರುತ್ತದೆ, ಯಾವುದು ಇರುವುದಿಲ್ಲ ಅಂತ ಅಳೆಯತೊಡಗಿದರು.

ಆ ಅಳತೆಗಳು ಇವತ್ತಿಗೂ ಕೆಲಸಕ್ಕೆ ಬರುತ್ತವೆ. ನೀವು ಬಾಟ್ ಮಾಡುತ್ತಿರಬಹುದು, ಆ್ಯಪ್‌ನ ಗುಂಡಿಗಳಿಗೆ ಕನ್ನಡದಲ್ಲಿ ಹೆಸರಿಡುತ್ತಿರಬಹುದು, ಲಿನಕ್ಸ್ ಟರ್ಮಿನಲ್‌ನಲ್ಲಿ ನಿಮ್ಮದೇ ಅಡ್ಡಹೆಸರು ಕಟ್ಟಿಕೊಳ್ಳುತ್ತಿರಬಹುದು. ಕೆಳಗಿನ ವಿಧಾನಕ್ಕೆ ಒಂದು ಮಧ್ಯಾಹ್ನ, ಹತ್ತು ಹದಿನೈದು ಜನ, ಒಂದು ಕಟ್ಟು ಹಾಳೆ ಇದ್ದರೆ ಸಾಕು.

ಹಂತ 1: ‘ಸರಿಯಾದ ಪದ’ದ ಆಸೆ ಬಿಡಿ

ಇದೇ ಎಲ್ಲಕ್ಕಿಂತ ಕಷ್ಟದ ಹಂತ. ನಮಗೆಲ್ಲ ನಮ್ಮ ಪದದ ಮೇಲೆ ಪ್ರೀತಿ ಜಾಸ್ತಿ.

ಬೆಲ್ ಕಮ್ಯುನಿಕೇಷನ್ಸ್ ರಿಸರ್ಚ್‌ನ ಜಾರ್ಜ್ ಫರ್ನಾಸ್, ಥಾಮಸ್ ಲ್ಯಾಂಡವರ್, ಲೂಯಿಸ್ ಗೋಮೆಜ್, ಸೂಸನ್ ಡ್ಯೂಮೇ 1987ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಐದು ಬೇರೆಬೇರೆ ಕ್ಷೇತ್ರಗಳಲ್ಲಿ ಜನ ತಮಗೆ ತಾವೇ ಯಾವ ಪದ ಬಳಸುತ್ತಾರೆ ಅಂತ ನೋಡಿದ್ದರು. ಬರಹ ತಿದ್ದುವ ಕೆಲಸ ಇತ್ತು, ಅಡುಗೆ ವಿಧಾನಗಳಿದ್ದವು, ಕೊಳ್ಳುವ ಮಾರುವ ಸಾಮಾನುಗಳಿದ್ದವು. ಐದರಲ್ಲೂ ಒಂದೇ ಫಲಿತಾಂಶ. ಒಂದು ವಸ್ತುವಿಗೆ ಇಬ್ಬರು ಒಂದೇ ಪದ ಆರಿಸುವ ಸಾಧ್ಯತೆ 20 ಪ್ರತಿಶತಕ್ಕಿಂತ ಕಡಿಮೆ.

ಇದರ ಅರ್ಥ ಏನು ನೋಡಿ. ನೀವು ಮೇಜಿನ ಮುಂದೆ ಕೂತು ನಿಮಗೆ ಇಷ್ಟವಾದ ಒಂದೇ ಪದ ಇಟ್ಟರೆ, ಮೊದಲ ಸಲ ಬರುವವರು ಟೈಪ್ ಮಾಡುವುದರಲ್ಲಿ 80ರಿಂದ 90 ಪ್ರತಿಶತ ತಪ್ಪಾಗುತ್ತದೆ ಅಂತ ಅವರ ಲೆಕ್ಕ ಹೇಳಿತು. ತಪ್ಪು ಮಾಡಿದವರು ದಡ್ಡರಲ್ಲ. ಭಾಷೆ ಇರುವುದೇ ಹಾಗೆ.

ಅವರು ಸೂಚಿಸಿದ ಪರಿಹಾರವೂ ಸರಳ. ಜನ ಎಷ್ಟು ಪದ ಬಳಸುತ್ತಾರೋ ಅಷ್ಟನ್ನೂ ಒಳಗೆ ಬಿಟ್ಟುಕೊಳ್ಳಿ. ಒಂದು ಕೆಲಸಕ್ಕೆ ಎಷ್ಟು ಬೇಕಾದರೂ ಅಡ್ಡಹೆಸರು ಇರಲಿ. ಹಾಗೆ ಮಾಡಿದರೆ ಹಲವು ಪಟ್ಟು ಸುಧಾರಣೆ ಸಿಗುತ್ತದೆ ಅಂತ ತೋರಿಸಿದರು.

ಕನ್ನಡದಲ್ಲಿ ಸಾಫ್ಟ್‌ವೇರ್ ಮಾಡುವವರಿಗೆ ಇದು ದೊಡ್ಡ ಬಿಡುಗಡೆ ಅಂತ ನನಗನ್ನಿಸುತ್ತದೆ. ‘ಅಳಿಸು’ ಸರಿಯೋ ‘ಡಿಲೀಟ್’ ಸರಿಯೋ, ‘ಹುಡುಕು’ ಚೆನ್ನವೋ ‘ಶೋಧಿಸು’ ಚೆನ್ನವೋ ಅಂತ ಗಂಟೆಗಟ್ಟಲೆ ವಾದ ಮಾಡುತ್ತೇವೆ. ಟೈಪ್ ಮಾಡಿಸಿಕೊಳ್ಳುವ ಜಾಗದಲ್ಲಿ ಆ ವಾದವೇ ಬೇಕಿಲ್ಲ. ಎರಡನ್ನೂ ಒಪ್ಪಿಕೊಳ್ಳಿ. ‘ತೆಗೆದುಹಾಕು’, ‘ಕಿತ್ತಾಕು’ ಬಂದರೆ ಅದನ್ನೂ. ಒಂದು ಸಾಲು ಕೋಡ್ ಜಾಸ್ತಿಯಾಗುತ್ತದೆ, ಅಷ್ಟೇ.

ಹಂತ 2: ಹಾಳೆ ಹಿಡಿದು ಜನರ ಹತ್ತಿರ ಹೋಗಿ

ಪದ ಕೇಳಲು ಹೋದಾಗ ಎಲ್ಲರೂ ಮಾಡುವ ತಪ್ಪೊಂದಿದೆ. ‘ಪುಸ್ತಕ ನವೀಕರಿಸಲು ಯಾವ ಪದ ಬಳಸುತ್ತೀರಿ?’ ಅಂತ ಕೇಳಿಬಿಡುತ್ತೇವೆ. ಪ್ರಶ್ನೆಯಲ್ಲೇ ಉತ್ತರ ಕೊಟ್ಟ ಹಾಗಾಯಿತು. ಎಲ್ಲರೂ ‘ನವೀಕರಿಸು’ ಅಂತಲೇ ಬರೆಯುತ್ತಾರೆ. ನೀವು ಖುಷಿಯಿಂದ ಮನೆಗೆ ಬರುತ್ತೀರಿ.

ಲ್ಯಾಂಡವರ್ ಮತ್ತು ಜೊತೆಗಾರರು 1983ರ ಅಧ್ಯಯನದಲ್ಲಿ ಇದಕ್ಕೊಂದು ಉಪಾಯ ಮಾಡಿದ್ದರು. ಕಂಪ್ಯೂಟರ್ ಮುಟ್ಟದ, ಟೈಪಿಂಗ್ ಕಲಿಯುತ್ತಿದ್ದವರಿಗೆ ಪೆನ್ನಿನಲ್ಲಿ ತಿದ್ದಿದ ಹಾಳೆ ಕೊಟ್ಟರು. ಒಂದು ಪದಕ್ಕೆ ಗೆರೆ ಎಳೆದಿದೆ, ಇನ್ನೊಂದು ಕಡೆ ಪದ ಸೇರಿಸಿದೆ, ಮತ್ತೊಂದು ಕಡೆ ಬದಲಾಯಿಸಿದೆ. ‘ಈ ತಿದ್ದುಪಡಿ ಮಾಡಲು ಇನ್ನೊಬ್ಬ ಟೈಪಿಸ್ಟ್‌ಗೆ ಹೇಗೆ ಹೇಳುತ್ತೀರೋ ಹಾಗೆ ಬರೆಯಿರಿ’ ಅಂದರು. ಕೆಲಸ ಕಣ್ಣಿಗೆ ಕಾಣುತ್ತದೆ, ಪದ ಮಾತ್ರ ಅವರದೇ. ಬಂದ ಪದಗಳಿಗೂ, ಬರಹ ತಿದ್ದಲು ಆಗಿದ್ದ ಪ್ರೋಗ್ರಾಂಗಳಾದ ಎಡಿಟರ್‌ಗಳಲ್ಲಿದ್ದ ಹೆಸರುಗಳಿಗೂ ತಾಳಮೇಳವೇ ಇರಲಿಲ್ಲ.

ನಾವೂ ಹಾಗೇ ಮಾಡಿದೆವು. ಪ್ರತಿ ಕೆಲಸಕ್ಕೂ ಅರ್ಧ ಹಾಳೆಯಲ್ಲಿ ಒಂದು ಚಿತ್ರ. ಒಂದು ಪುಸ್ತಕ, ಪಕ್ಕದಲ್ಲಿ ಕ್ಯಾಲೆಂಡರ್, ಅದರಲ್ಲಿ 10ನೇ ತಾರೀಖಿನಿಂದ 17ನೇ ತಾರೀಖಿಗೆ ಬಾಣ. ಕೆಳಗೆ ಒಂದೇ ಸಾಲು: ‘ಇದಾಗಬೇಕು. ಗ್ರಂಥಾಲಯದ ಹುಡುಗನಿಗೆ ಮೆಸೇಜ್ ಕಳಿಸಿ.’

ನಿವೃತ್ತ ಮೇಷ್ಟ್ರೊಬ್ಬರು ಕನ್ನಡಕ ಏರಿಸಿಕೊಂಡು ಹಾಳೆ ನೋಡಿದರು.

‘ಏನಪ್ಪಾ, ಈ ವಯಸ್ಸಲ್ಲಿ ನನಗೆ ಪರೀಕ್ಷೆನಾ?’

‘ಪರೀಕ್ಷೆ ನಮಗೆ ಮೇಷ್ಟ್ರೇ. ನೀವು ಸುಮ್ನೆ ಮೆಸೇಜ್ ಬರೀರಿ.’

‘ವ್ಯಾಕರಣ ನೋಡ್ತೀರಾ?’

‘ಇಲ್ಲ ಮೇಷ್ಟ್ರೇ, ಹೆಂಗೆ ಬರುತ್ತೋ ಹಂಗೆ.’

ಅವರು ಬರೆದದ್ದು: ‘ಒಂದು ವಾರ ವಿಸ್ತರಿಸಿ’. ಪಕ್ಕದಲ್ಲಿ ಕೂತಿದ್ದ ಅವರ ಮೊಮ್ಮಗಳು ಬರೆದದ್ದು: ‘ಡೇಟ್ ಎಕ್ಸ್‌ಟೆಂಡ್’. ಒಂದೇ ಮನೆ, ಒಂದೇ ಬೆಂಚು. ‘ನವೀಕರಿಸು’ ಅಂತ ಇಬ್ಬರೂ ಬರೆಯಲಿಲ್ಲ. ನನ್ನ ‘ಮುಂದುವರಿಸು’ ಕೂಡ ಬರಲಿಲ್ಲ, ಅದನ್ನೂ ಹೇಳಿಬಿಡಬೇಕು.

ಹಾಳೆ ತುಂಬಿಸುವಾಗ ಕೆಲವು ಎಚ್ಚರಿಕೆ. ಒಬ್ಬರದ್ದನ್ನು ಇನ್ನೊಬ್ಬರು ನೋಡದ ಹಾಗೆ ಕೂರಿಸಿ. ‘ಇನ್ನೊಂದು ಪದ ಹೇಳಿ’ ಅಂತ ಒತ್ತಾಯ ಮಾಡಬೇಡಿ, ಮೊದಲು ಬಂದದ್ದೇ ಮುಖ್ಯ. ಐಟಿಯಲ್ಲಿ ಇರುವವರನ್ನೇ ಸೇರಿಸಿಕೊಂಡರೆ ಪ್ರಯೋಜನವಿಲ್ಲ. ಅವರ ಬಾಯಲ್ಲಿ ಆಗಲೇ ‘ರಿನ್ಯೂ’, ‘ಅಪ್‌ಡೇಟ್’ ಕೂತಿರುತ್ತದೆ. ಅಜ್ಜಿ, ಅಂಗಡಿಯವರು, ಕಾಲೇಜು ಹುಡುಗರು, ಧಾರವಾಡ ಕಡೆಯವರೊಬ್ಬರು, ಮಂಗಳೂರು ಕಡೆಯವರೊಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು.

ಹಂತ 3: ಪಟ್ಟಿ ಮಾಡಿ, ಗುದ್ದಾಡುವ ಪದಗಳನ್ನು ಬೇರೆ ಇಡಿ

ಹಾಳೆಗಳನ್ನು ನೆಲದ ಮೇಲೆ ಹರಡಿ. ಪ್ರತಿ ಕೆಲಸಕ್ಕೂ ಬಂದ ಪದಗಳನ್ನೆಲ್ಲ ಒಂದು ಕಾಲಂನಲ್ಲಿ ಬರೆಯಿರಿ. ಒಬ್ಬರೇ ಬರೆದ ಪದವನ್ನೂ ಬಿಡಬೇಡಿ. ಫರ್ನಾಸ್ ತಂಡದ ಅಳತೆಯ ತಿರುಳೇ ಅದು. ಒಂಟಿ ಪದಗಳು ಒಂದೊಂದಾಗಿ ಚಿಕ್ಕವು, ಒಟ್ಟು ಸೇರಿದರೆ ದೊಡ್ಡ ಪಾಲು.

ಈಗ ಎರಡು ಕಾಲಂಗಳಲ್ಲಿ ಬಂದಿರುವ ಪದ ಯಾವುದು ಅಂತ ನೋಡಿ. ಕನ್ನಡದಲ್ಲಿ ಇದರ ರಾಜ ‘ತೆಗಿ’. ‘ಬಾಗಿಲು ತೆಗಿ’ ಅಂದರೆ ತೆರೆಯಬೇಕು. ‘ಕಸ ತೆಗಿ’ ಅಂದರೆ ಎತ್ತಿ ಬಿಸಾಕಬೇಕು. ‘ಫೋಟೋ ತೆಗಿ’ ಅಂದರೆ ಕ್ಯಾಮೆರಾ ಹಿಡಿಯಬೇಕು. ಹಾಗಾದರೆ ‘ಫೈಲ್ ತೆಗಿ’? ಮನುಷ್ಯರ ನಡುವೆ ಇದು ಸಮಸ್ಯೆಯೇ ಅಲ್ಲ, ಎದುರಿನವರ ಮುಖ ನೋಡಿದರೆ ಗೊತ್ತಾಗುತ್ತದೆ. ಕಂಪ್ಯೂಟರಿಗೆ ಮುಖ ಕಾಣುವುದಿಲ್ಲ.

ಇಂಥ ಪದಕ್ಕೆ ಬಾಟ್ ತಾನೇ ಊಹೆ ಮಾಡಬಾರದು. ತಿರುಗಿ ಕೇಳಬೇಕು: ‘ಫೈಲ್ ತೆರೆಯಬೇಕಾ, ಅಳಿಸಬೇಕಾ?’ ಒಂದು ಪ್ರಶ್ನೆಗೆ ಯಾರೂ ಬೇಜಾರಾಗುವುದಿಲ್ಲ. ತೆರೆಯಲು ಹೇಳಿದ ಫೈಲ್ ಅಳಿಸಿಹೋದರೆ ಖಂಡಿತ ಆಗುತ್ತಾರೆ. ವಾಪಸ್ ಪಡೆಯಲಾಗದ ಕೆಲಸಗಳಿಗೆ ಅಡ್ಡಹೆಸರು ಎಷ್ಟೇ ಇರಲಿ, ಕೊನೆಗೆ ‘ಹೌದಾ?’ ಅಂತ ಒಮ್ಮೆ ಕೇಳಿಸಿ. ಮಾಡಿದ್ದನ್ನು ರದ್ದು ಮಾಡುವ ದಾರಿ ಇಟ್ಟರೆ ಇನ್ನೂ ಉತ್ತಮ.

ಫರ್ನಾಸ್ ತಂಡ ಇಲ್ಲಿಗೇ ನಿಲ್ಲಲಿಲ್ಲ. ಜನರ ಪದಗಳನ್ನು ಕೈಯಲ್ಲಿ ಕೂಡಿಸುವ ಬದಲು, ಯಾವ ಪದ ಯಾವ ಪದದ ನೆರೆಯಲ್ಲಿ ಬರುತ್ತದೆ ಅಂತ ಯಂತ್ರವೇ ಲೆಕ್ಕ ಹಾಕಿದರೆ ಹೇಗೆ ಅಂತ ಲ್ಯಾಂಡವರ್, ಡ್ಯೂಮೇ, ಫರ್ನಾಸ್ ಇನ್ನಿಬ್ಬರ ಜೊತೆ ಸೇರಿ ಯೋಚಿಸಿದರು. 1990ರಲ್ಲಿ ಪ್ರಕಟವಾದ ‘ಲೇಟೆಂಟ್ ಸೆಮ್ಯಾಂಟಿಕ್ ಅನಾಲಿಸಿಸ್’ ಹುಟ್ಟಿದ್ದು ಹೀಗೆ. ಟೈಪಿಸ್ಟ್‌ಗಳ ತಿದ್ದುಪಡಿ ಹಾಳೆಯಿಂದ ಹೊರಟ ದಾರಿ ಹುಡುಕಾಟದ ತಂತ್ರಜ್ಞಾನಕ್ಕೆ ಬಂದು ಮುಟ್ಟಿತು. ಹತ್ತು ಕೆಲಸದ ಬಾಟ್‌ಗೆ ಅದೆಲ್ಲ ಬೇಡ, ಕಾಲಂ ಪಟ್ಟಿ ಸಾಕು.

ಹಂತ 4: ಪರದೆ ಮೇಲೆ ತೋರಿಸುವ ಹೆಸರನ್ನು ಆರಿಸಿ

ಒಳಗೆ ಬರುವ ಪದ ನೂರಿದ್ದರೂ ಗುಂಡಿಯ ಮೇಲೆ, ಸಹಾಯದ ಸಾಲಿನಲ್ಲಿ ಬರೆಯಲು ಒಂದು ಹೆಸರು ಬೇಕಲ್ಲ. ಇಲ್ಲಿ ಆಯ್ಕೆ ಮಾಡಲೇಬೇಕು. ಇದಕ್ಕೂ ಹಳೆಯ ಪ್ರಯೋಗಗಳಲ್ಲಿ ಉತ್ತರ ಇದೆ, ಆದರೆ ನಾವು ಅಂದುಕೊಂಡ ಉತ್ತರ ಅಲ್ಲ.

ಲ್ಯಾಂಡವರ್ ಅಧ್ಯಯನದ ಎರಡನೇ ಭಾಗ ನೋಡಿ. ಒಂದು ಗುಂಪಿಗೆ ಎಡಿಟರ್‌ನ ಹಳೆಯ ಹೆಸರುಗಳನ್ನೇ ಕೊಟ್ಟರು: ‘ಅಪೆಂಡ್’, ‘ಡಿಲೀಟ್’, ‘ಸಬ್‌ಸ್ಟಿಟ್ಯೂಟ್’. ಇನ್ನೊಂದು ಗುಂಪಿಗೆ ಜನರ ಬಾಯಿಂದ ಬಂದಂಥವು: ‘ಆಡ್’, ‘ಒಮಿಟ್’, ‘ಚೇಂಜ್’. ಮೂರನೇ ಗುಂಪಿಗೆ ಸಂಬಂಧವೇ ಇಲ್ಲದ ಪದಗಳು: ‘ಅಲೆಜ್’, ‘ಸೈಫರ್’, ‘ಡೆಲಿಬರೇಟ್’. ಅಂದರೆ ಸೇರಿಸಲು ‘ಆರೋಪಿಸು’ ಅಂತ ಟೈಪ್ ಮಾಡಬೇಕು. ಜನರ ಪದ ಸಿಕ್ಕವರು ಸರಾಗವಾಗಿ ಗೆಲ್ಲಬೇಕಿತ್ತು, ಅಲ್ವಾ? ಕಲಿಯಲು ಹಿಡಿದ ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ.

ಇದನ್ನು ಓದಿದವರು ಎರಡು ಬಗೆಯಲ್ಲಿ ಎಡವುತ್ತಾರೆ. ‘ಹಾಗಾದರೆ ಹೆಸರು ಏನಾದರೂ ನಡೆಯುತ್ತದೆ’ ಅನ್ನುವುದು ಒಂದು. ‘ಈ ಪ್ರಯೋಗವೇ ತಪ್ಪು’ ಅನ್ನುವುದು ಇನ್ನೊಂದು. ನನಗೆ ಕಾಣುವುದು ಬೇರೆ. ಮೂರು ನಾಲ್ಕು ಕಮಾಂಡ್‌ಗಳನ್ನು ಕೂತು ಕಲಿಸಿದರೆ ಯಾವ ಹೆಸರನ್ನಾದರೂ ಕಲಿಯುತ್ತೇವೆ. ಕಮಾಂಡ್ ಟೈಪ್ ಮಾಡಿ ನಡೆಸುವ ಯುನಿಕ್ಸ್ ಅನ್ನುವ ಕಂಪ್ಯೂಟರ್ ವ್ಯವಸ್ಥೆ ಬದುಕಿ ಉಳಿದದ್ದೂ ಹಾಗೇ. ಫೈಲ್ ಓದಲು ‘ಕ್ಯಾಟ್’ ಅಂತ ಟೈಪ್ ಮಾಡಬೇಕೆಂಬುದನ್ನು ಡೊನಾಲ್ಡ್ ನಾರ್ಮನ್ 1981ರಲ್ಲಿ ಡೇಟಾಮೇಷನ್ ಪತ್ರಿಕೆಯಲ್ಲಿ ಚೆನ್ನಾಗಿ ಬೈದಿದ್ದರು. ಆದರೂ ದಿನಾ ಬಳಸುವವರಿಗೆ ಅದು ಅಭ್ಯಾಸವಾಗಿಹೋಯಿತು. ತಿಂಗಳಿಗೊಮ್ಮೆ ಬರುವವರ ಕತೆ ಬೇರೆ. ಅವರು ಕಲಿತಿರುವುದಿಲ್ಲ, ಊಹೆ ಮಾಡುತ್ತಾರೆ. ಅದಕ್ಕೇ ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ: ನಿಮ್ಮವರು ದಿನಾ ಬರುವವರಾ, ತಿಂಗಳಿಗೊಮ್ಮೆ ಬರುವವರಾ? ಗ್ರಂಥಾಲಯದವರು ಎರಡನೇ ಜಾತಿ.

ಹೆಸರುಗಳ ನಡುವೆ ಆರಿಸುವಾಗ ನೋಡಬೇಕಾದದ್ದು ಎರಡೇ ವಿಷಯ.

ಪದ ಎಷ್ಟು ನಿರ್ದಿಷ್ಟ ಅನ್ನುವುದು ಒಂದು. 1982ರಲ್ಲಿ ಬ್ಲ್ಯಾಕ್ ಮತ್ತು ಮೊರಾನ್ ಹಲವು ಜಾತಿಯ ಹೆಸರುಗಳನ್ನು ಹೋಲಿಸಿದರು. ‘ಇನ್ಸರ್ಟ್’, ‘ಡಿಲೀಟ್’ ಥರದ, ಅಪರೂಪವಾದರೂ ನಿರ್ದಿಷ್ಟ ಅರ್ಥದ ಪದಗಳು ಚೆನ್ನಾಗಿ ನಡೆದವು. ‘ಆಲ್ಟರ್’, ‘ಕರೆಕ್ಟ್’ ಥರ ಏನಕ್ಕೆ ಬೇಕಾದರೂ ಹೊಂದುವ ಪದಗಳು ಹಿಂದೆ ಬಿದ್ದವು. ಅರ್ಥವೇ ಇಲ್ಲದ ‘ಗ್ಯಾಕ್’, ‘ಮಿಕ್’ ಕೂಡ ಇವಕ್ಕಿಂತ ವಾಸಿ ಅನ್ನಿಸಿದವು. ನಮ್ಮ ಜಾಲತಾಣಗಳಲ್ಲಿ ಕಾಣುವ ‘ನಿರ್ವಹಿಸಿ’ ಈ ಹಿಂದೆ ಬಿದ್ದ ಜಾತಿಯದು. ಏನು ನಿರ್ವಹಿಸಬೇಕು? ಒತ್ತಿ ನೋಡುವ ತನಕ ಗೊತ್ತಾಗುವುದಿಲ್ಲ. ‘ಪ್ರಕ್ರಿಯೆಗೊಳಿಸಿ’ ಅದರ ತಮ್ಮ.

ಇನ್ನೊಂದು, ಜೋಡಿ. ಐಬಿಎಂನ ಜಾನ್ ಕ್ಯಾರೊಲ್ 1982ರಲ್ಲಿ ಒಂದು ರೋಬೋಟ್ ನಡೆಸುವ ಕಮಾಂಡ್‌ಗಳನ್ನು ಕಲಿಸಿ ನೋಡಿದರು. ‘ಅಡ್ವಾನ್ಸ್’ ಮತ್ತು ‘ರಿಟ್ರೀಟ್’ ಒಂದಕ್ಕೊಂದು ತಿರುವುಮುರುವು. ‘ಗೋ’ ಮತ್ತು ‘ಬ್ಯಾಕ್’ ಹಾಗಲ್ಲ, ಜೋಡಿ ತಪ್ಪಿದವು. ಜೋಡಿ ಕೂಡಿದ ಹೆಸರುಗಳು ಚೆನ್ನಾಗಿ ನೆನಪುಳಿದವು. ಒಂದು ಗೊತ್ತಿದ್ದರೆ ಇನ್ನೊಂದನ್ನು ಊಹಿಸಬಹುದು, ಕಾರಣ ಅಷ್ಟೇ. ನಮ್ಮಲ್ಲೂ ಹಾಗೇ. ‘ತೆರೆ’ ಇದ್ದರೆ ‘ಮುಚ್ಚು’ ಇರಲಿ, ‘ನಿರ್ಗಮಿಸು’ ಬೇಡ. ‘ಸೇರಿಸು’ ಇದ್ದರೆ ‘ತೆಗೆದುಹಾಕು’. ‘ಹಿಂದೆ’ ಇದ್ದರೆ ‘ಮುಂದೆ’, ‘ಮುಂದಿನ ಪುಟಕ್ಕೆ ತೆರಳಿ’ ಅಲ್ಲ.

ಹಂತ 5: ಪದಗಳ ಸಾಲು

ಇದು ಬೇಗ ಮುಗಿಯುವ ವಿಷಯ. 1980ರಲ್ಲಿ ಲೆಡ್ಗಾರ್ಡ್, ವೈಟ್‌ಸೈಡ್ ಮತ್ತಿತರರು ಒಂದೇ ಎಡಿಟರ್‌ನ ಎರಡು ರೂಪ ಮಾಡಿದರು. ಒಂದರಲ್ಲಿ ಚುಕ್ಕೆ, ಓರೆಗೆರೆ, ಅಕ್ಷರಗಳ ಸಂಕೇತ. ಇನ್ನೊಂದರಲ್ಲಿ ‘ಎಲ್ಲ ಕಡೆ ಇದನ್ನು ಅದಕ್ಕೆ ಬದಲಾಯಿಸು’ ಅನ್ನುವಂಥ ಇಂಗ್ಲಿಷ್ ವಾಕ್ಯ. ಎರಡೂ ಮಾಡುವ ಕೆಲಸ ಒಂದೇ. ವಾಕ್ಯದಂತಿದ್ದದ್ದರಲ್ಲಿ ಜನ ಹೆಚ್ಚು ಕೆಲಸ ಮುಗಿಸಿದರು, ತಪ್ಪೂ ಕಡಿಮೆ ಮಾಡಿದರು.

ಇಂಗ್ಲಿಷ್‌ನಲ್ಲಿ ಕ್ರಿಯಾಪದ ಮೊದಲು ಬರುತ್ತದೆ, ನಮ್ಮಲ್ಲಿ ಕೊನೆಗೆ. ‘ಹುಡುಕು ಪುಸ್ತಕ’ ಅಂತ ಬರೆದರೆ ಅದು ಕವಿತೆಯ ಸಾಲಾದೀತು. ‘ಪುಸ್ತಕ ಹುಡುಕು’ ಅಂತ ಇಡಿ. ಟೈಪ್ ಮಾಡುವವರು ಹಿಂದುಮುಂದು ಮಾಡಿದರೆ ಒಪ್ಪಿಕೊಳ್ಳಿ. ಆದರೆ ನೀವು ಬರೆಯುವ ಸಹಾಯದ ಸಾಲುಗಳಲ್ಲಿ ಮಾತ್ರ ಎಲ್ಲ ಕಡೆ ಒಂದೇ ಕ್ರಮ ಇರಬೇಕು.

ಹಂತ 6: ಚುಟುಕು ರೂಪ ಬೇಕಾ? ನಿಯಮ ಒಂದೇ ಇರಲಿ

ದಿನಾ ಬಳಸುವವರು ಉದ್ದ ಪದ ಟೈಪ್ ಮಾಡಲು ಒಪ್ಪುವುದಿಲ್ಲ. ಯುನಿಕ್ಸ್‌ನವರು ‘ಕಾಪಿ’ಯನ್ನು ‘ಸಿಪಿ’ ಮಾಡಿದ್ದು, ‘ಮೂವ್’ ಅನ್ನು ‘ಎಂವಿ’ ಮಾಡಿದ್ದು ಇದೇ ಕಾರಣಕ್ಕೆ. ಪರದೆಯ ಬದಲು ಕಾಗದದ ಮೇಲೆ ಅಚ್ಚು ಹಾಕುತ್ತಿದ್ದ ನಿಧಾನ ಟೆಲಿಟೈಪ್‌ಗಳಲ್ಲಿ ಪ್ರತಿ ಅಕ್ಷರಕ್ಕೂ ಬೆಲೆ ಇತ್ತು.

1980ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್ ಸೇರಿದಂತೆ ಹಲವು ಕಡೆ ಚುಟುಕು ರೂಪಗಳ ಬಗ್ಗೆಯೂ ಪ್ರಯೋಗ ನಡೆದವು. ಜನರನ್ನು ಬಿಟ್ಟರೆ ಒಂದೊಂದು ಪದವನ್ನು ಒಂದೊಂದು ಥರ ಮೊಟಕು ಮಾಡುತ್ತಾರೆ. ಆಮೇಲೆ ತಾವು ಮಾಡಿದ್ದೇ ಅವರಿಗೆ ನೆನಪಿರುವುದಿಲ್ಲ. ನಿಯಮ ಒಂದೇ ಇದ್ದು, ಅದನ್ನು ಮೊದಲೇ ಹೇಳಿಕೊಟ್ಟರೆ ನೆನಪಿನ ಭಾರ ಇಳಿಯುತ್ತದೆ.

ಇಂಗ್ಲಿಷ್‌ನಲ್ಲಿ ಸ್ವರ ತೆಗೆದುಹಾಕುವುದು ಒಂದು ನಿಯಮ. ಅದನ್ನು ಕನ್ನಡಕ್ಕೆ ತರಲು ನೋಡಿದೆ, ನಗು ಬಂತು. ‘ಹುಡುಕು’ ಪದದ ಸ್ವರ ತೆಗೆದರೆ ‘ಹಡಕ’. ವ್ಯಂಜನದೊಳಗೇ ಸ್ವರ ಕೂತಿರುವ ಲಿಪಿ ನಮ್ಮದು, ಕೊಂಬು ಕಿತ್ತರೆ ಬೇರೆ ಪದ ಆಗುತ್ತದೆ. ಕನ್ನಡಕ್ಕೆ ಹೊಂದುವುದು ಕತ್ತರಿಸುವ ನಿಯಮ: ಮೊದಲ ಎರಡು ಅಕ್ಷರ ಇಟ್ಟುಕೊಂಡು ಉಳಿದದ್ದು ಬಿಡಿ. ‘ಹುಡು’, ‘ವಿಸ್ತ’, ‘ಸೇರಿ’. ಒಂದೇ ಅಕ್ಷರಕ್ಕೆ ಇಳಿಸಿದರೆ ‘ತೆರೆ’, ‘ತೆಗೆ’ ಎರಡೂ ‘ತೆ’ ಆಗಿ ಮತ್ತೆ ಹಳೆಯ ಗೋಳು.

ಅಕ್ಷರ ಉಳಿಸುವ ಹುಚ್ಚು ಅತಿಯಾಗದಿರಲಿ. ಜೆರಾಕ್ಸ್‌ನ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ಸ್ಟುವರ್ಟ್ ಕಾರ್ಡ್ ಮತ್ತು ಥಾಮಸ್ ಮೊರಾನ್, ಆಲೆನ್ ನ್ಯೂವೆಲ್ ಜೊತೆಗೂಡಿ 1980ರಲ್ಲಿ ಒಂದು ಲೆಕ್ಕ ಕೊಟ್ಟರು. ಪಳಗಿದವರು ತಪ್ಪಿಲ್ಲದೆ ಕೆಲಸ ಮಾಡುವಾಗ ಹಿಡಿಯುವ ಸಮಯ ಅದು. ಸಾಧಾರಣ ವೇಗದವರಿಗೆ ಒಂದು ಕೀಲಿ ಒತ್ತಲು ಸುಮಾರು 0.28 ಸೆಕೆಂಡ್. ಮುಂದೇನು ಅಂತ ಮನಸ್ಸಿನಲ್ಲಿ ಸಜ್ಜಾಗಲು ಸುಮಾರು 1.35 ಸೆಕೆಂಡ್.

ಭಾಗಿಸಿ ನೋಡಿ. ಒಂದು ಸಲ ನಿಂತು ಯೋಚಿಸುವುದು ಸುಮಾರು ಐದು ಕೀಲಿ ಒತ್ತಿದಷ್ಟು. ‘ಹುಡುಕು’ ಟೈಪ್ ಮಾಡಲು ಆರು ಕೀಲಿ, 1.68 ಸೆಕೆಂಡ್. ‘ಹುಡು’ ಮಾಡಿದರೆ ಎರಡು ಕೀಲಿ ಉಳಿದವು, ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ‘ಅಯ್ಯೋ, ಚುಟುಕು ರೂಪ ಏನಿತ್ತು?’ ಅಂತ ಒಂದು ಸಲ ನಿಂತರೆ ಉಳಿಸಿದ್ದರ ಎರಡರಷ್ಟಕ್ಕಿಂತ ಜಾಸ್ತಿ ಹೋಯಿತು. ಹಾಗಾಗಿ ಪೂರ್ತಿ ಪದ ಯಾವಾಗಲೂ ನಡೆಯಲಿ. ಚುಟುಕು ಬೇಕಾದವರು ಬಳಸಿಕೊಳ್ಳಲಿ.

ಹಂತ 7: ತೊಗಲುಗೊಂಬೆ ಆಟ

ಕೋಡ್ ಬರೆಯುವ ಮುಂಚೆ ಇದೊಂದನ್ನು ಮಾಡಿ. ನನ್ನ ಅತ್ಯಂತ ಪ್ರೀತಿಯ ಹಂತ ಇದು.

ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯಲ್ಲಿ ಮೈಕೆಲ್ ಗುಡ್, ಜಾನ್ ವೈಟ್‌ಸೈಡ್, ಡೆನಿಸ್ ವಿಕ್ಸನ್, ಸಾಂಡ್ರಾ ಜೋನ್ಸ್ ಒಂದು ಇಮೇಲ್ ವ್ಯವಸ್ಥೆ ಕಟ್ಟುತ್ತಿದ್ದರು. ಹೊಸಬರನ್ನು ಕಂಪ್ಯೂಟರ್ ಮುಂದೆ ಕೂರಿಸಿ ಕೆಲಸ ಕೊಟ್ಟರು, ಕಮಾಂಡ್ ಮಾತ್ರ ಹೇಳಿಕೊಡಲಿಲ್ಲ. ಅವರು ತಮಗೆ ತೋಚಿದ್ದು ಟೈಪ್ ಮಾಡುತ್ತಿದ್ದರು. ಪ್ರೋಗ್ರಾಂಗೆ ಅರ್ಥವಾಗದಿದ್ದಾಗ, ಕಣ್ಣಿಗೆ ಬೀಳದ ಹಾಗೆ ಕೂತ ಮನುಷ್ಯನೊಬ್ಬ ಅದನ್ನು ಸರಿಯಾದ ಕಮಾಂಡ್‌ಗೆ ಬದಲಾಯಿಸಿ ಕಳಿಸುತ್ತಿದ್ದ. ಕೂತವರಿಗೆ ಕಂಪ್ಯೂಟರೇ ಉತ್ತರಿಸಿದ ಹಾಗೆ. ಆಮೇಲೆ ಜನ ಟೈಪ್ ಮಾಡಿದ್ದನ್ನೆಲ್ಲ ನೋಡಿ ಪ್ರೋಗ್ರಾಂ ತಿದ್ದುವುದು, ಮತ್ತೆ ಹೊಸಬರನ್ನು ಕೂರಿಸುವುದು.

ಮೊದಲ ರೂಪಕ್ಕೆ ಅರ್ಥವಾದದ್ದು ಜನ ಟೈಪ್ ಮಾಡಿದ್ದರಲ್ಲಿ 7 ಪ್ರತಿಶತ. ತಿದ್ದುತ್ತಾ ಹೋದ ಮೇಲೆ 76 ಪ್ರತಿಶತ. 1984ರ ಫಲಿತಾಂಶ ಇದು. ಜನರನ್ನು ತಿದ್ದಲು ಹೋಗಲಿಲ್ಲ, ಪ್ರೋಗ್ರಾಂ ಅನ್ನೇ ತಿದ್ದಿದರು.

ನೀವು ಮಾಡುವುದು ಸುಲಭ. ಎರಡು ಫೋನ್ ಸಾಕು. ಬಾಟ್‌ನ ನಂಬರ್ ಅಂತ ಹೇಳಿ ನಿಮ್ಮ ಸ್ನೇಹಿತನ ನಂಬರ್ ಕೊಡಿ. ಅವನು ಒಳಮನೆಯಲ್ಲಿ ಕೂತು, ಬಾಟ್ ಕೊಡುವ ಸಿದ್ಧ ಉತ್ತರಗಳನ್ನು ಮಾತ್ರ ಕಾಪಿ ಮಾಡಿ ಕಳಿಸಲಿ. ತನ್ನ ಕಡೆಯಿಂದ ಒಂದು ಮಾತೂ ಸೇರಿಸಬಾರದು. ನನ್ನ ಸ್ನೇಹಿತ ಇದರಲ್ಲೇ ಸೋತ. ಯಾರೋ ‘ಥ್ಯಾಂಕ್ಸ್ ಕಣೋ’ ಅಂತ ಕಳಿಸಿದಾಗ ‘ಇರ್ಲಿ ಬಿಡಿ’ ಅಂತ ಉತ್ತರಿಸಿ ಬಣ್ಣ ಬಯಲಾಯಿತು. ಆಟ ಮುಗಿದ ಮೇಲೆ ಗೊಂಬೆ ಆಡಿಸಿದವರು ಯಾರು ಅಂತ ಬಂದವರಿಗೆ ಹೇಳಿ, ಅವರ ಮೆಸೇಜ್ ಇಟ್ಟುಕೊಳ್ಳಲು ಒಪ್ಪಿಗೆ ಕೇಳಿ. ಒಪ್ಪದಿದ್ದರೆ ಅಲ್ಲೇ ಅಳಿಸಿಬಿಡಿ.

ಹಂತ 8: ಕನ್ನಡಕ್ಕೇ ಇರುವ ಕೆಲವು ತೊಡಕುಗಳು

ಇದು ಆ ಪ್ರಬಂಧಗಳಲ್ಲಿ ಇಲ್ಲ. ಆದರೆ ಇದನ್ನು ಬಿಟ್ಟರೆ ಮೇಲಿನ ಶ್ರಮವೆಲ್ಲ ನೀರಿನಲ್ಲಿ ಹೋಮ.

ಕಣ್ಣಿಗೆ ಒಂದೇ ಥರ ಕಾಣುವ ಪದ ಕಂಪ್ಯೂಟರಿಗೆ ಎರಡಾಗಿರಬಹುದು. ಅಕ್ಷರಗಳಿಗೆ ಕಂಪ್ಯೂಟರ್ ಸಂಕೇತ ಕೊಡುವ ಪದ್ಧತಿಯಾದ ಯುನಿಕೋಡ್‌ನಲ್ಲಿ ‘ಕೊ’, ‘ಕೋ’ ಅಕ್ಷರಗಳ ಗುಣಿತ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ತುಂಡು ತುಂಡಾಗಿಯೂ ಬರೆಯಬಹುದು. ಹೋಲಿಸುವ ಮುಂಚೆ ಎರಡೂ ಕಡೆಯ ಪದವನ್ನು ಒಂದೇ ರೂಪಕ್ಕೆ ತನ್ನಿ. ‘ಎನ್‌ಎಫ್‌ಸಿ’ ಅನ್ನುವ ನಾರ್ಮಲೈಸೇಷನ್ ಇದನ್ನು ಮಾಡುತ್ತದೆ. ಅರ್ಧಾಕ್ಷರದ ಮಧ್ಯೆ ಸೇರಿಕೊಳ್ಳುವ ಕಾಣದ ಜೋಡಕ ಸಂಕೇತಗಳನ್ನು ಹೋಲಿಸುವಾಗ ಕಿತ್ತುಹಾಕಿ.

ಕಾಗುಣಿತ ಪರೀಕ್ಷೆ ಮಾಡಬೇಡಿ. ‘ಅಳಿಸು’, ‘ಅಳಸು’, ‘ಅಲಿಸು’ ಮೂರನ್ನೂ ಬಿಟ್ಟುಕೊಳ್ಳಿ. ‘ಹ’ ಬರಬೇಕಾದ ಕಡೆ ‘ಅ’ ಬರುತ್ತದೆ, ಬರಲಿ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಟೈಪ್ ಮಾಡುವವರು ಬೇಕಾದಷ್ಟಿದ್ದಾರೆ. ಅವರ ರೂಪಗಳಿಗೆ ಬೇರೆಯೇ ಒಂದು ಕಾಲಂ ಮಾಡಿ, ಅದರಲ್ಲೂ ಒಂದೊಂದು ಪದಕ್ಕೆ ಮೂರು ನಾಲ್ಕು ಬರಹ ಸಿಗುತ್ತವೆ. ‘ವಿಸ್ತರಿಸು’, ‘ವಿಸ್ತರಿಸಿ’, ‘ವಿಸ್ತರಿಸ್ಬೇಕು’ ಇವಕ್ಕೆಲ್ಲ ಧಾತು ಒಂದೇ, ಪದದ ಮೊದಲ ಭಾಗ ಹೊಂದಿದರೆ ಸಾಕು.

ಹಂತ 9: ಚೀಟಿ ಚಿಕ್ಕದಿರಲಿ, ಲೆಕ್ಕದ ಪುಸ್ತಕ ದೊಡ್ಡದಿರಲಿ

ಉದ್ದದ ಕೈಪಿಡಿ ಬರೆಯಬೇಡಿ, ಯಾರೂ ಓದುವುದಿಲ್ಲ. ಐಬಿಎಂನಲ್ಲಿ ಕ್ಯಾರೊಲ್ ಮತ್ತು ಜೊತೆಗಾರರು ಕಚೇರಿ ಕೆಲಸದವರು ವರ್ಡ್ ಪ್ರೊಸೆಸರ್ ಕಲಿಯುವುದನ್ನು ಪಕ್ಕದಲ್ಲೇ ಕೂತು ನೋಡಿದ್ದರು. ಕೈಪಿಡಿ ತೆರೆದಿಟ್ಟು, ಪುಟ ಹಾರಿಸಿ, ತಮ್ಮ ಕಾಗದ ಟೈಪ್ ಮಾಡಲು ಹೊರಟುಬಿಡುತ್ತಿದ್ದರು ಜನ. ಅದಕ್ಕೇ ಅವರು ಕೈಪಿಡಿಯನ್ನು ಮೊಟಕು ಮಾಡಿದರು. ಹೊಸಬರು ಸಿಕ್ಕಿಹಾಕಿಕೊಳ್ಳುವ ಕಷ್ಟದ ಕಮಾಂಡ್‌ಗಳನ್ನು ಮೊದಮೊದಲು ಬಂದ್ ಮಾಡಿಯೂ ನೋಡಿದರು, ಮಕ್ಕಳ ಸೈಕಲ್ಲಿಗೆ ಪಕ್ಕದ ಚಕ್ರ ಕಟ್ಟಿದ ಹಾಗೆ. ಎರಡರಿಂದಲೂ ಕಲಿಕೆ ಬೇಗವಾಯಿತು. ನಮ್ಮ ಬಾಟ್‌ನ ಚೀಟಿಯಲ್ಲಿ ಈಗ ಮೂರೇ ಸಾಲಿದೆ. ಗ್ರಂಥಾಲಯದ ಬಾಗಿಲ ಮೇಲೆ ಅಂಟಿಸಿದ್ದೇವೆ.

ಬಳಸುವವರಿಗೆ ಮಾಡಿದ್ದನ್ನೇ ಮತ್ತೆ ಮಾಡುವ ದಾರಿ ಸುಲಭವಿರಲಿ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಸಾಲ್ ಗ್ರೀನ್‌ಬರ್ಗ್ 168 ಜನ ಯುನಿಕ್ಸ್ ಬಳಸಿದ ದಾಖಲೆ ಸಂಗ್ರಹಿಸಿದರು. ಹೊಸಬರು 55, ಅನುಭವಿಗಳು 36, ಕಂಪ್ಯೂಟರ್ ವಿಜ್ಞಾನಿಗಳು 52, ಪ್ರೋಗ್ರಾಮರ್‌ಗಳಲ್ಲದವರು 25. ಅವರು ಮತ್ತು ಇಯಾನ್ ವಿಟನ್ 1988ರಲ್ಲಿ ಕಂಡದ್ದು: ಟೈಪ್ ಮಾಡಿದ ಸಾಲುಗಳಲ್ಲಿ ಸುಮಾರು ಮುಕ್ಕಾಲು ಪಾಲು ಅದೇ ವ್ಯಕ್ತಿ ಮುಂಚೆ ಟೈಪ್ ಮಾಡಿದ್ದೇ. ಅದರಲ್ಲೂ ಸ್ವಲ್ಪ ಹೊತ್ತಿನ ಹಿಂದೆ ಮಾಡಿದ್ದು ಮರಳಿ ಬರುವುದು ಜಾಸ್ತಿ. ಹಾಗಾಗಿ ಬಾಟ್ ಮೊದಲ ಉತ್ತರದಲ್ಲೇ ‘ಹೋದ ಸಲದ ಹಾಗೆ ಒಂದು ವಾರ ವಿಸ್ತರಿಸಲಾ?’ ಅಂತ ಕೇಳಿದರೆ ಬಹಳ ಸಲ ‘ಹೂಂ’ ಅಂದರೆ ಕೆಲಸ ಮುಗಿಯಿತು. ‘ಹೂಂ’, ‘ಹೂ’, ‘ಹ್ಞೂಂ’, ‘ಓಕೆ’, ‘ಆಯ್ತು’ ಎಲ್ಲವೂ ಪಟ್ಟಿಯಲ್ಲಿರಲಿ.

ಅರ್ಥವಾಗದ ಪ್ರತಿ ಮೆಸೇಜನ್ನೂ, ಕಳಿಸಿದವರ ಹೆಸರು ನಂಬರ್ ತೆಗೆದು, ಒಂದು ಕಡೆ ಬರೆದಿಡಿ. ವಾರಕ್ಕೊಮ್ಮೆ ಅರ್ಧ ಗಂಟೆ ಕೂತು ಅದನ್ನು ಓದಿ, ಪಟ್ಟಿಗೆ ಸೇರಿಸಿ. ಹೋದ ವಾರ ನಮಗೆ ಸಿಕ್ಕದ್ದು ‘ಇನ್ನೂ ಓದಿ ಮುಗ್ದಿಲ್ಲ’. ಮೆಸೇಜಿನಲ್ಲಿ ಕಮಾಂಡ್ ಅನ್ನುವಂಥದ್ದೇ ಇಲ್ಲ, ಕ್ರಿಯಾಪದ ಬೇರೆ ನಕಾರದಲ್ಲಿದೆ. ‘ವಿಸ್ತರಿಸು’ ಕಾಲಂನಲ್ಲಿ ಬರೆದುಕೊಂಡೆವು.